ದುಡ್ಡು-ಕಾಸು: ಬಾಡಿಗೆ ತೋರ್ಸಿ ಸಾಲ ತರಬಹುದಾ?

ಪ್ರಶ್ನೆ: ಮಂಡ್ಯದ ನೂರಡಿ ರಸ್ತೆಲಿ ನಮ್ದೊಂದು ಬಿಲ್ಡಿಂಗ್ ಇದೆ ಸಾರ್, ಕೆಳಗಡೆ ಸೂಪರ್ ಮಾರ್ಕೆಟ್‌ನೋರಿಗೆ 9 ವರ್ಷದ ಲೀಸ್ ಕೊಟ್ಟು ಒಂದು ವರ್ಷ ಆಯ್ತು, ಬಾಡಿಗೆ ತಿಂಗಳಿಗೆ 1,20,000. ಮೇಲೆ ಇನ್ನೆರಡು ಫ್ಲೋರ್ ಎತ್ತೋಣ ಅಂತ ಸಾಲ ಕೇಳೋಕೆ ಹೋದ್ರೆ 'ಎಲ್‌ಆರ್‌ಡಿ ಮಾಡ್ಸಿ' ಅಂತಾರೆ. ಏನಿದು, ನಂಬಬಹುದಾ?
– ಓದುಗರು, ಮಂಡ್ಯ

ಉತ್ತರ: ಲೀಸ್ ರೆಂಟಲ್ ಡಿಸ್ಕೌಂಟಿಂಗ್ ಅಂತ ಪೂರ್ತಿ ಹೆಸರು. ಗದ್ದೆಲಿರೋ ಕಬ್ಬು ತೋರ್ಸಿ ದುಡ್ಡು ತರ್ತಾರಲ್ಲ ನಿಮ್ ಕಡೆ, ಹೆಚ್ಚುಕಮ್ಮಿ ಅದೇ, ಇಲ್ಲಿ ಕಬ್ಬಿನ ಬದ್ಲು ಮುಂದೆ ಬರೋ ಬಾಡಿಗೆ. ನೀವು, ಬ್ಯಾಂಕು, ಬಾಡಿಗೆದಾರರು ಮೂರೂ ಜನ ಸೈನ್ ಹಾಕ್ಬೇಕು, ಆಮೇಲೆ ಬಾಡಿಗೆ ನಿಮ್ ಕೈಗೆ ಬರಲ್ಲ, ಸೀದಾ ಬ್ಯಾಂಕಿನ ಹಿಡಿತದಲ್ಲಿರೋ ಎಸ್ಕ್ರೋ ಅಕೌಂಟಿಗೆ ಹೋಗಿ ಇಎಂಐ ಕಟ್ಟಾಗಿ ಉಳಿದಿದ್ದು ನಿಮಗೆ.

ಲೆಕ್ಕ ಹಾಕಿ ನೋಡಿ. 1,20,000ದಲ್ಲಿ ಟಿಡಿಎಸ್ (ಬಾಡಿಗೆ ಕೊಡೋವಾಗ್ಲೇ ಹಿಡ್ಕೊಳ್ಳೋ ತೆರಿಗೆ) 10% ಹೋದ್ರೆ 1,08,000, ಕಂದಾಯ ರಿಪೇರಿ ಅಂತ ಬಿಟ್ಟು 90,000 ಇಎಂಐಗೆ ಒಪ್ಪಿದ್ರು ಅನ್ಕೊಳ್ಳಿ. ಬಡ್ಡಿ 10%, ಉಳಿದಿರೋದು 8 ವರ್ಷ ಅಂದ್ರೆ ಸುಮಾರು 59 ಲಕ್ಷ ಸಾಲ. ಲೀಸ್ ಮುಗಿಯೋದ್ರೊಳಗೆ ಸಾಲ ತೀರಬೇಕು ಅನ್ನೋದು ಬ್ಯಾಂಕಿನ ಹಠ, ಅದಕ್ಕೇ ಹಳೇ ಲೀಸ್ ಆದಷ್ಟೂ ಸಾಲ ಕಮ್ಮಿ. ಅಗ್ರಿಮೆಂಟ್ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ರಿಜಿಸ್ಟರ್ ಆಗಿರ್ಬೇಕು. ಸ್ಟಾಂಪ್ ಪೇಪರಲ್ಲಿ 11 ತಿಂಗಳಿಗೊಂದು ಸಲ ಟೈಪ್ ಮಾಡ್ಸಿದ್ರೆ ಮ್ಯಾನೇಜರ್ ಮೊದಲ ಪುಟ ನೋಡೇ ವಾಪಸ್ ತಳ್ತಾರೆ.

ಈಗ ನಿಜವಾದ ವಿಷ್ಯ. ನಿಮ್ ಲೀಸಲ್ಲಿ 'ಲಾಕ್-ಇನ್' ಅನ್ನೋ ಸಾಲು ಹುಡುಕಿ, ಅಂದ್ರೆ ಬಾಡಿಗೆದಾರರು ಎಷ್ಟು ವರ್ಷ ಬಿಟ್ಟು ಹೋಗಂಗಿಲ್ಲ ಅನ್ನೋದು. 9 ವರ್ಷ ಅಂತ ಬರ್ದಿದ್ರೂ ಮೂರು ವರ್ಷ ಆದ್ಮೇಲೆ ಅವರು ನೋಟಿಸ್ ಕೊಟ್ಟು ಎದ್ದು ಹೋಗಬಹುದು ಅಂತ ಒಳಗೆಲ್ಲೋ ಇರುತ್ತೆ, ಅವರು ಹೋದ್ರೂ ಇಎಂಐ ಹೋಗಲ್ಲ. ಮೈಸೂರು ವಿಜಯನಗರದಲ್ಲಿ ನನ್ ಪರಿಚಯದೋರೊಬ್ರು ಕೋಚಿಂಗ್ ಸೆಂಟರ್ ನಂಬ್ಕೊಂಡು ಹಿಂಗೇ ಸಾಲ ಮಾಡಿದ್ರು, 2020ರಲ್ಲಿ ಲಾಕ್‌ಡೌನ್ ಆಗಿ ಸೆಂಟರ್ ಖಾಲಿ, ಮಾರಟೋರಿಯಂ (ಕೆಲವು ತಿಂಗಳು ಕಂತು ಮುಂದಕ್ಕೆ ಹಾಕೋ ಅವಕಾಶ) ಸಿಕ್ತು ನಿಜ, ಆದ್ರೆ ಆ ತಿಂಗಳುಗಳ ಬಡ್ಡಿ ಅಸಲಿಗೆ ಸೇರ್ಕೊಂಡು ಕೂತಿತ್ತು. ಖಾಲಿ ಅಂಗಡಿ ಶಟರ್ ಮೇಲೆ 'ಬಾಡಿಗೆಗೆ ಇದೆ' ಅಂತ ಅವರೇ ಪೇಂಟ್ ಹಿಡ್ಕೊಂಡು ಬರೆದಿದ್ದು ಒಂದೂವರೆ ವರ್ಷ ಅಳಿಸಲಿಲ್ಲ. ಆರು ತಿಂಗಳ ಇಎಂಐ ಎಫ್‌ಡಿಲಿ ಇಲ್ದೆ ಸೈನ್ ಹಾಕ್ಬೇಡಿ ಅಂತೀನಿ ನಾನು, ಬ್ಯಾಂಕ್‌ನೋರು ಹೇಳಲ್ಲ.

ಒಂದು ಒಳ್ಳೇದೂ ಇದೆ: 2026ರ ಜನವರಿ 1ರಿಂದ ಮಂಜೂರಾಗೋ ಫ್ಲೋಟಿಂಗ್ ರೇಟ್ (ಬಡ್ಡಿ ಏರಿಳಿಯೋ) ಸಾಲ ನಿಮ್ಮ ಸ್ವಂತ ಹೆಸರಲ್ಲಿದ್ರೆ, ವ್ಯಾಪಾರದ್ದಾದ್ರೂ ಸರಿ, ಮುಂಚೆ ತೀರ್ಸಿದ್ರೆ ವಾಣಿಜ್ಯ ಬ್ಯಾಂಕುಗಳು ದಂಡ ಹಾಕಂಗಿಲ್ಲ, ಆರ್‌ಬಿಐ ನಿಯಮ. ಇನ್ನೊಂದು, ಮೇಲಿನ ಫ್ಲೋರ್ ಬಾಡಿಗೆನೂ ಸೇರಿ ವರ್ಷಕ್ಕೆ 20 ಲಕ್ಷ ದಾಟಿದ್ರೆ ಜಿಎಸ್‌ಟಿ ರಿಜಿಸ್ಟ್ರೇಶನ್ ಮಾಡ್ಸಲೇಬೇಕು, 18% ಬಿಲ್‌ನಲ್ಲಿ ಸೇರ್ಸಿ.

ಪ್ರಶ್ನೆ: ರಿಟೈರ್‌ಮೆಂಟ್ ದುಡ್ಡು 10 ಲಕ್ಷ ಇದೆ, ಅಂಗಡಿ ತಗೊಳ್ಳೋಕೆ ಸಾಲಲ್ಲ. ಬೆಂಗಳೂರಿನ ಆಫೀಸ್ ಬಿಲ್ಡಿಂಗಲ್ಲಿ ಪಾಲು ಕೊಡಿಸ್ತೀನಿ ಅಂತ ಏಜೆಂಟ್ ಒಬ್ಬ ಮನೆಗೆ ಬಂದಿದ್ದ.
– ಓದುಗರು, ಕುವೆಂಪುನಗರ, ಮೈಸೂರು

ಉತ್ತರ: ತುಂಬಾ ಜನರ ದುಡ್ಡು ಸೇರ್ಸಿ ಬಿಲ್ಡಿಂಗ್ ತಗೊಂಡು ಬಾಡಿಗೆ ಹಂಚೋ ಟ್ರಸ್ಟಿಗೆ ರೀಟ್ ಅಂತಾರೆ. ಷೇರು ಪೇಟೆ ನೋಡ್ಕೊಳ್ಳೋ ಸೆಬಿ 2024ರಲ್ಲಿ ಎಸ್‌ಎಂ ರೀಟ್, ಅಂದ್ರೆ ಸಣ್ಣ-ಮಧ್ಯಮ ರೀಟ್ ಅಂತ ನಿಯಮ ತಂದಿದೆ, ಅದರಲ್ಲಿ ಕನಿಷ್ಠ 10 ಲಕ್ಷ ಹಾಕ್ಬೇಕು, ಅಂದ್ರೆ ನಿಮ್ದೆಲ್ಲಾ ಒಂದೇ ಗಂಟಲ್ಲಿ. ಬೇಡ ಬಿಡಿ. ದೊಡ್ಡ ರೀಟ್‌ಗಳು ಷೇರು ಪೇಟೆಲೇ ಇವೆ, ಬೆಂಗಳೂರಿನ ಎಂಬಸಿ 2019ರಲ್ಲಿ ದೇಶಕ್ಕೇ ಮೊದಲನೇದಾಗಿ ಲಿಸ್ಟ್ ಆಯ್ತು, ಡಿಮ್ಯಾಟ್ (ಷೇರು ಇಡೋ ಅಕೌಂಟ್) ಇದ್ರೆ ಒಂದೇ ಯೂನಿಟ್ ಬೇಕಾದ್ರೂ ತಗೋಬಹುದು, ಹಂಚೋಕೆ ಉಳಿಯೋ ದುಡ್ಡಲ್ಲಿ 90% ಹಂಚಲೇಬೇಕು ಅಂತ ಕಾನೂನಿದೆ. ಬೆಲೆ ಇಳಿಯೋದೂ ಉಂಟು, ಎಫ್‌ಡಿ ಅಲ್ಲ ಇದು. ಏಜೆಂಟ್ ಮತ್ತೆ ಬಂದ್ರೆ ಸೆಬಿ ರಿಜಿಸ್ಟ್ರೇಶನ್ ನಂಬರ್ ಕೇಳಿ, ವಾಟ್ಸಾಪ್ ಮಾಡ್ತೀನಿ ಅಂದ್ರೆ ಕಾಫಿ ಕೊಟ್ಟು ಕಳ್ಸಿ.