ಪುಟದ ತುಂಬ ಸಂಗಪ್ಪರು, ನಮ್ಮವರು ಯಾರು?

ಪ್ರಶ್ನೆ: ನಮ್ಮ ಮನೆತನದ ವಂಶಾವಳಿಯನ್ನು ಗ್ರಾಂಪ್ಸ್ ತಂತ್ರಾಂಶದಲ್ಲಿ ಹಾಕೀನ್ರಿ. ಮೂಲ ಊರು ಬೀಳಗಿ ತಾಲ್ಲೂಕಿನದು, ಆಲಮಟ್ಟಿ ಹಿನ್ನೀರಿನಾಗ ಮುಳುಗೇತಿ. ‘ಸಂಗಪ್ಪ’ ಅಂತ ಹುಡುಕಿದರೆ ಪುಟದ ತುಂಬ ಸಂಗಪ್ಪರೇ ಬರ್ತಾರ. ಹುಟ್ಟಿದ ವರ್ಷ 1918 ಅಂತ ಕೊಟ್ಟರೂ ಎಷ್ಟೋ ಹಿಂದಿನವರು ಬರ್ತಾರ. ಮುತ್ತಜ್ಜನ ಸಂತತಿಯೊಳಗ ಆ ಊರಾಗ ಹುಟ್ಟಿದವರನ್ನಷ್ಟೇ ತೆಗೆಯೋದು ಹೆಂಗ್ರಿ?
– ಒಬ್ಬ ಓದುಗ, ಮುದ್ದೇಬಿಹಾಳ

ಉತ್ತರ: ತಮ್ಮಾ, ಅಜ್ಜನ ಹೆಸರು ಮೊಮ್ಮಗನಿಗೆ ಇಡುವ ನಮ್ಮ ಕಡೆ ಹೆಸರಿನಿಂದ ಹುಡುಕಾಟ ಶುರು ಮಾಡಬಾರದು. ಮನೆತನದ ವಂಶಾವಳಿ ಹೇಳುವ ಹೆಳವರು ಬಂದಾಗ ಕವಲು ಹಿಡಿದು ಹೇಳ್ತಾರಲ್ಲ, ಹಾಗೆ ನಾವೂ ಮೊದಲು ಸಂಬಂಧ, ಆಮೇಲೆ ಸ್ಥಳ, ಕಡೆಗೆ ಹೆಸರು ಕೇಳಬೇಕು.

ಬದಿಯ ಪಟ್ಟಿಯ ಹುಡುಕಾಟ ಇದಕ್ಕೆ ಸಾಲದು. ಎಡಿಟ್ ಮೆನುವಿನ ಫಿಲ್ಟರ್ ಎಡಿಟರ್ ಬೇಕು, ಅಂದರೆ ಬೇಕಾದ ದಾಖಲೆಗಳನ್ನಷ್ಟೇ ಸೋಸಿ ತೆಗೆಯುವ ನಿಯಮ ಕಟ್ಟುವ ಜಾಗ. ಒಳಗಿನಿಂದ ಹೊರಗೆ ಕಟ್ಟುತ್ತಾ ಬಾ: ಮೊದಲು ಸ್ಥಳಗಳ ಫಿಲ್ಟರ್‌ನಲ್ಲಿ ನಿಮ್ಮ ಊರು, ಆಮೇಲೆ ಘಟನೆಗಳ ಫಿಲ್ಟರ್‌ನಲ್ಲಿ ‘ಆ ಸ್ಥಳದ ಫಿಲ್ಟರ್‌ಗೆ ಹೊಂದುವ ಘಟನೆ’, ಕಡೆಗೆ ವ್ಯಕ್ತಿಗಳ ಫಿಲ್ಟರ್‌ನಲ್ಲಿ ಎರಡು ನಿಯಮ, ಮುತ್ತಜ್ಜನ ಐಡಿ ಕೊಟ್ಟು ‘ಇವರ ಸಂತತಿ’, ಜೊತೆಗೆ ‘ಆ ಘಟನೆಯ ಫಿಲ್ಟರ್‌ಗೆ ಹೊಂದುವವರು’. ಎಲ್ಲ ನಿಯಮವೂ ಅನ್ವಯಿಸಬೇಕು ಎಂಬುದನ್ನೇ ಆರಿಸು.

ಇನ್ನು ನೀನು ಕೇಳಿದ ‘ಆ ಊರಾಗ ಹುಟ್ಟಿದವರು’. ಇಲ್ಲಿ ಸ್ವಲ್ಪ ನಿಲ್ಲು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರುಮನೆಯಲ್ಲಿ. ನಿಮ್ಮ ಮನೆಯ ಸೊಸೆಯಂದಿರ ಹಿರಿಯ ಮಕ್ಕಳು ಹುಟ್ಟಿದ್ದು ಮುಧೋಳದಲ್ಲೋ ಹುನಗುಂದದಲ್ಲೋ ಇರಬಹುದು. ಜನನ ಅಂತ ಕೇಳಿದರೆ ಆ ಊರಲ್ಲೇ ಹೊಲ ಉತ್ತು ಬಾಳಿದ ಹಿರೇಮಗನೇ ಪಟ್ಟಿಯಿಂದ ಬಿದ್ದುಹೋಗ್ತಾನೆ! ಮಗಳು ಬಾಣಂತನಕ್ಕೆ ಬಂದಾಗ ಹುಟ್ಟಿದ ಕೂಸು, ಮುಂದೆ ಆ ಊರಲ್ಲಿ ಒಂದು ವರ್ಷವೂ ಇರದಿದ್ದರೂ, ಒಳಗೆ ಬರ್ತದೆ. ಅದಕ್ಕೇ ಪ್ರತಿಯೊಬ್ಬರಿಗೂ ವಾಸ ಎಂಬ ಘಟನೆ ಸೇರಿಸು, ಘಟನೆಯ ಫಿಲ್ಟರ್‌ನಲ್ಲಿ ಜನನ ಎಂಬ ಕಟ್ಟು ಹಾಕಬೇಡ. ಮಗಳ ಮಕ್ಕಳನ್ನು ಮಾತ್ರ ತೆಗೆದುಹಾಕಬೇಡ ತಮ್ಮಾ, ಸಂತತಿ ಅಂದರೆ ಅವರೂ ಸಂತತಿಯೇ.

ಸ್ಥಳವನ್ನೂ ಒಮ್ಮೆ ನೋಡಿಕೋ. 1997ರಲ್ಲಿ ಬಾಗಲಕೋಟೆ ಜಿಲ್ಲೆ ಆಗುವವರೆಗೆ ಬೀಳಗಿ ಬಿಜಾಪುರ ಜಿಲ್ಲೆಯಲ್ಲಿತ್ತು. ಬಿಜಾಪುರ ವಿಜಯಪುರವಾದದ್ದು 2014ರಲ್ಲಿ. ಬೇರೆ ಬೇರೆ ಕಾಗದ ನೋಡಿ ತುಂಬಿದ್ದರೆ ಒಂದೇ ಊರು ಮೂರು ಸ್ಥಳವಾಗಿ ಕೂತಿರುತ್ತದೆ, ಫಿಲ್ಟರ್ ಒಂದನ್ನಷ್ಟೇ ಹಿಡಿಯುತ್ತದೆ. ಎರಡೆರಡನ್ನೇ ಆರಿಸಿ ವಿಲೀನ ಮಾಡು, ಯಾವ ವರ್ಷದವರೆಗೆ ಯಾವ ಜಿಲ್ಲೆ ಎಂಬುದನ್ನು ಆ ಊರಿನ ದಾಖಲೆಯಲ್ಲೇ ಬರೆ. ಆದರೆ ಪುನರ್ವಸತಿ ಕೇಂದ್ರವನ್ನು ಹಳೆ ಊರಿಗೆ ಸೇರಿಸಬೇಡ, ಹೆಸರು ಒಂದೇ ಇದ್ದರೂ. ನದಿ ದಂಡೆಯ ಊರಲ್ಲಿ ಹುಟ್ಟಿದ ಕೊನೆಯ ಕೂಸು ಯಾವುದು ಅಂತ ನಾಳೆ ಮೊಮ್ಮಕ್ಕಳು ಕೇಳಿದರೆ ಉತ್ತರ ಸಿಗಬೇಕು.

1918ರ ತೊಡಕು ಬೇರೆ. ‘ಬರದ ಹೊತ್ತಿನ್ಯಾಗ ಹುಟ್ಟಿದಾಂವ’ ಅಂತ ಹಿರಿಯರು ಹೇಳಿದ್ದನ್ನು ನೀನು ‘ಸುಮಾರು 1876’ ಅಂತ ಹಾಕಿರಬೇಕು. ‘ಸುಮಾರು’ ಎಂದರೆ ಗ್ರಾಂಪ್ಸ್ ಹಿಂದೆ 50, ಮುಂದೆ 50 ವರ್ಷ ಹಿಡಿಯುತ್ತದೆ. ಹಾಗಾಗಿ 1826ರಿಂದ 1926ರವರೆಗೆ ಯಾವ ವರ್ಷ ಕೊಟ್ಟರೂ ಆ ಹಿರಿಯರು ಎದ್ದು ಬರ್ತಾರೆ. ಪ್ರಿಫರೆನ್ಸಸ್‌ನಲ್ಲಿ ಆ 50 ಅನ್ನು 5ಕ್ಕೋ 10ಕ್ಕೋ ಇಳಿಸಬಹುದು. ನನ್ನ ಕೇಳಿದರೆ ‘1876ರಿಂದ 1878ರ ನಡುವೆ’ ಅಂತ ದಾಖಲೆಯನ್ನೇ ತಿದ್ದುವುದು ಒಳ್ಳೆಯದು, ಆ ಬರಗಾಲ 1876–78ರದು ಅಂತ ಗೊತ್ತೇ ಇದೆಯಲ್ಲ.

ಇಷ್ಟಾದ ಮೇಲೆ ಹೆಸರು. ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆದಿದ್ದರೆ, ಉದಾಹರಣೆಗೆ ಬಸಪ್ಪ, ಬಸವಪ್ಪ, ಎರಡನ್ನೂ ನಡುವೆ ನಿಂತ ಗೆರೆ ಹಾಕಿ ‘ಬಸಪ್ಪ|ಬಸವಪ್ಪ’ ಅಂತ ಬರೆದು, ರೆಗ್ಯುಲರ್ ಎಕ್ಸ್‌ಪ್ರೆಶನ್ (ಮಾದರಿ ಹಿಡಿದು ಹುಡುಕುವ ಬಗೆ) ಎಂಬಲ್ಲಿ ಗುರುತು ಹಾಕಿದರೆ ಇಬ್ಬರೂ ಸಿಗ್ತಾರೆ. ಮದುವೆಯಲ್ಲಿ ಹೆಸರು ಬದಲಾದ ಅಜ್ಜಿಯರಿಗೆ ತವರಿನ ಹೆಸರನ್ನು ಪರ್ಯಾಯ ಹೆಸರಾಗಿ ಸೇರಿಸು. ಹುಡುಕಾಟ ಅದನ್ನೂ ನೋಡುತ್ತದೆ. ಸೋದರತ್ತೆಯವರು ಇನ್ನೂ ಇದ್ದರೆ ಈ ವಾರವೇ ಹೋಗಿ ಆ ಹೆಸರುಗಳನ್ನು ಕೇಳಿಕೊಂಡು ಬಾ.