ಹಾಸ್ಯ ನಾಟಕದಲ್ಲಿ ಈಗಿನ ಹುಡುಗರ ಯಾವ ಪದ ಹಾಕಿದರೆ ನಗು ಬರುತ್ತೆ?

ರಾಜ್ಯೋತ್ಸವದ ನಾಟಕಕ್ಕೆ ರಿಜ್, ಸಿಗ್ಮಾ, ಸ್ಕಿಬಿಡಿ ಇವುಗಳಲ್ಲಿ ಯಾವುದು ಹಾಕಿದರೆ ಜನ ಜಾಸ್ತಿ ನಗುತ್ತಾರೆ ಅಂತ ಕೇಳಿದ್ದೀರಿ. ಯಾವುದಕ್ಕೂ ನಗಲ್ಲ. ನಾನೂ ಇಂಥದೇ ಪಟ್ಟಿ ಇಟ್ಟುಕೊಂಡು ಬರೆಯೋಕೆ ಕೂತಿದ್ದವನು.

ನಮ್ಮ ಬಡಾವಣೆಯ ಕಾರ್ಯಕ್ರಮಕ್ಕೆ ಬರೆದದ್ದು. ಪಿಯುಸಿ ಹುಡುಗ, ಅಪ್ಪ, ತಾತ, ಒಬ್ಬಳು ತಂಗಿ. ಮುಂದೆ ಕೂರುವ ಹಿರಿಯರಿಗೆ ಅರ್ಥವಾಗದಿದ್ದರೆ ಅಂತ ನನಗೆ ಭಯ. ಅದಕ್ಕೇ ಹುಡುಗ ಒಂದು ಪದ ಅಂದ ಕೂಡಲೇ ತಂಗಿ ಬಂದು ಬಿಡಿಸಿ ಹೇಳುವ ಹಾಗೆ ಮಾಡಿದೆ. ‘ರಿಜ್ ಅಂದ್ರೆ ಮಾತಲ್ಲೇ ಮರುಳು ಮಾಡೋದು ತಾತ.’ ತಾತ ‘ಓಹೋ, ಹಾಗಾ!’ ಅನ್ನುತ್ತಾರೆ. ಅಲ್ಲಿಗೆ ಮುಗೀತು. ಇನ್ನು ನಗೋದಕ್ಕೆ ಏನು ಉಳೀತು? ಗೊತ್ತಿದ್ದ ಮಕ್ಕಳಿಗೆ ಅದು ಬೇಸರ, ಗೊತ್ತಿಲ್ಲದ ಹಿರಿಯರಿಗೆ ಪಾಠ. ಹೈಸ್ಕೂಲ್ ಹುಡುಗರು ಮೊಬೈಲ್ ತೆಗೆದರು. ಪದಕ್ಕೆ ಅರ್ಥ ಹೇಳಿದ ಕ್ಷಣದಲ್ಲಿ ತಾತನಿಗೆ ತಪ್ಪು ತಿಳಿದುಕೊಳ್ಳುವ ಅವಕಾಶವೇ ಹೋಯಿತು. ನಗು ಇರೋದೇ ಆ ತಪ್ಪು ತಿಳುವಳಿಕೆಯಲ್ಲಿ. ಹುಡುಗನ ಪಾತ್ರ ಮಾಡಿದವನು ಆಮೇಲೆ ನಾಟಕದ ಕಡೆ ತಲೆ ಹಾಕಲಿಲ್ಲ. ಅವನು ಚೆನ್ನಾಗೇ ಮಾಡಿದ್ದ. ಆ ನೋವು ನನಗೆ ಈಗಲೂ ಇದೆ.

ಮುಂದಿನ ಸಲ ತಂಗಿಯ ಪಾತ್ರ ತೆಗೆದೆ. ರಿಸಲ್ಟ್ ಬಂದ ದಿನ. ‘ಎಷ್ಟು ಬಂತೋ?’ ಅಂತ ಅಪ್ಪ ಕೇಳುತ್ತಾನೆ. ಹುಡುಗ ಎರಡೂ ಅಂಗೈ ಮೇಲೆ ಮಾಡಿ, ತಕ್ಕಡಿ ತೂಗಿದ ಹಾಗೆ ಆಡಿಸುತ್ತ ‘ಸಿಕ್ಸ್ ಸೆವೆನ್’ ಅನ್ನುತ್ತಾನೆ. ಅಪ್ಪನ ಮುಖ ಅರಳುತ್ತೆ. ‘ಅರವತ್ತೇಳಾ? ಫಸ್ಟ್ ಕ್ಲಾಸು!’ ತಾತ ಮೈಸೂರು ಪಾಕ್ ತರೋಕೆ ಚೀಲ ಹಿಡಿದು ಹೊರಟೇಬಿಡುತ್ತಾರೆ. ಎದುರು ಮನೆಯವರು ವಿಚಾರಿಸಿದರೆ ತಾತನೂ ಹಾಗೇ ಕೈ ಆಡಿಸಿ ತೋರಿಸುತ್ತಾರೆ. 2025ರಲ್ಲಿ ಒಂದು ಇಂಗ್ಲಿಷ್ ನಿಘಂಟು ಹುಡುಗರ ಈ ‘ಸಿಕ್ಸ್ ಸೆವೆನ್’ ಅನ್ನೇ ವರ್ಷದ ಪದ ಅಂತ ಆರಿಸಿತು, ಆದರೆ ಅದಕ್ಕೆ ಗಟ್ಟಿಯಾದ ಅರ್ಥವೇ ಇಲ್ಲ. ಅದು ಗೊತ್ತಿದ್ದ ಮಕ್ಕಳು ಬಿದ್ದು ಬಿದ್ದು ನಕ್ಕರು. ಫಸ್ಟ್ ಕ್ಲಾಸಿನ ಬೆಲೆ ಗೊತ್ತಿದ್ದ ಹಿರಿಯರು ಅಪ್ಪನನ್ನು ನೋಡಿ ನಕ್ಕರು.

ನೂರು ವರ್ಷದ ಹಿಂದೆ ಕೈಲಾಸಂ ಇಂಗ್ಲಿಷ್ ಬೆರೆತ ಕನ್ನಡವನ್ನು ರಂಗಕ್ಕೆ ತಂದರು. ಅಲ್ಲೂ ನನಗೆ ನಗು ಬರೋದು ಇಂಗ್ಲಿಷಿಗಲ್ಲ, ಅದನ್ನು ಆಡುವವರ ಠೀವಿಗೆ.

ಇನ್ನೊಂದು. ರಿಜ್ ಬೇಡವೇ ಬೇಡ. ಆಕ್ಸ್‌ಫರ್ಡ್‌ನವರು ಅದನ್ನು 2023ರಲ್ಲೇ ವರ್ಷದ ಪದ ಮಾಡಿ ಆಗಿದೆ, ಹುಡುಗರಿಗೆ ಅದು ಹಳೇ ಸರಕು. ಅದಕ್ಕಿಂತ ಬ್ರೋ ಒಳ್ಳೆಯದು. ಈಗಿನ ಮಕ್ಕಳು ಅಮ್ಮನಿಗೂ ಬ್ರೋ ಅಂತಾರಲ್ವಾ? ‘ಏನ್ ಬ್ರೋ, ಮತ್ತೆ ಉಪ್ಪಿಟ್ಟಾ?’ ಅಂತ ಮಗ ಕೇಳಲಿ. ಅಮ್ಮ ಸಿಟ್ಟಾಗಬಾರದು, ಅರ್ಥ ಕೇಳಲೂಬಾರದು. ತಟ್ಟೆಗೆ ಇನ್ನೊಂದು ಸೌಟು ಬಡಿಸಿ, ‘ಹೂಂ ಬ್ರೋ, ತಿನ್ನು’ ಅನ್ನಲಿ.