ಓದುಗರ ಪ್ರಶ್ನೆ: ದಪ್ಪ ಪಾದದ ಓರೆ ಅಕ್ಷರ

ಪ್ರಶ್ನೆ: ನನ್ನ ತಮ್ಮ ಲೇತ್ ಮತ್ತು ಫ್ಯಾಬ್ರಿಕೇಷನ್ ವರ್ಕ್‌ಶಾಪ್ ತೆರೆಯುತ್ತಿದ್ದಾನೆ. ಬೋರ್ಡಿನ ವಿನ್ಯಾಸ ಮಾಡಿದ ಹುಡುಗ ಇಂಗ್ಲಿಷ್ ಹೆಸರಿಗೆ ರಾಕ್‌ವೆಲ್ ಇಟಾಲಿಕ್ ಎಂಬ ಓರೆ ಫಾಂಟ್ ಬಳಸಿ, ಕಾರ್ಖಾನೆಗೆ ಇದೇ ಒಪ್ಪುತ್ತದೆ ಎನ್ನುತ್ತಾನೆ. ಬಿಲ್ಲು, ಕೊಟೇಶನ್ ಪತ್ರಗಳಿಗೂ ಇದನ್ನೇ ಬಳಸಬಹುದೆ? ಕನ್ನಡದ ಹೆಸರನ್ನೂ ಓರೆ ಮಾಡಬೇಕೆ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಬೋರ್ಡಿಗೆ ಆ ಆಯ್ಕೆ ಸರಿಯಾಗಿದೆ, ಬಿಲ್ಲಿನ ಒಳಗಿನ ಬರಹಕ್ಕೆ ಬೇಡ.

ಲ್ಯಾಟಿನ್, ಅಂದರೆ ಇಂಗ್ಲಿಷ್ ಬರೆಯುವ ಲಿಪಿಯ, ಅಕ್ಷರದ ಕಂಬದ ತುದಿಯಲ್ಲಿ ಅಡ್ಡಲಾಗಿ ಚಾಚಿರುವ ಪಾದವನ್ನು ಸೆರಿಫ್ ಎನ್ನುತ್ತಾರೆ. ಪುಸ್ತಕದ ಅಕ್ಷರಗಳಲ್ಲಿ ಅದು ತೆಳುವಾಗಿರುತ್ತದೆ. ಸ್ಲ್ಯಾಬ್ ಸೆರಿಫ್‌ನಲ್ಲಿ ಹೆಚ್ಚುಕಡಿಮೆ ಕಂಬದಷ್ಟೇ ದಪ್ಪವಾಗಿರುವುದರಿಂದ, ದೊಡ್ಡಕ್ಷರದ ‘ಐ’ ನಿಮ್ಮ ತಮ್ಮನವರು ದಿನವೂ ಕಾಣುವ ಐ-ಬೀಮಿನ ಕತ್ತರಿಸಿದ ತುದಿಯಂತೆಯೇ ಕಾಣುತ್ತದೆ. ಲಂಡನ್ನಿನ ಅಚ್ಚುಮೊಳೆ ತಯಾರಕ ವಿನ್ಸೆಂಟ್ ಫಿಗಿನ್ಸ್ 1815ರ ಸುಮಾರಿಗೆ ‘ಆಂಟೀಕ್’ ಎಂಬ ಹೆಸರಿನಲ್ಲಿ ಇಂಥ ಅಚ್ಚುಮೊಳೆಗಳನ್ನು ಮಾರಾಟಕ್ಕೆ ತಂದಾಗ, ಗೋಡೆಯ ಜಾಹೀರಾತು ದೂರದಿಂದಲೇ ಕಣ್ಣಿಗೆ ಬೀಳಬೇಕೆಂಬ ವ್ಯಾಪಾರಿಗಳ ಬೇಡಿಕೆ ಜೋರಾಗಿತ್ತು. (ಹಳೆಯದೆಂಬ ಹೆಸರು ಹೊಸ ಅಕ್ಷರಕ್ಕೆ! ಅಚ್ಚಿನವರಿಗೆ ಹೆಸರಿಡುವ ಕಲೆ ಎಂದೂ ಒಲಿದಂತಿಲ್ಲ.) ನೀವು ಹೇಳುವ ರಾಕ್‌ವೆಲ್ ಕೂಡ ಸ್ಲ್ಯಾಬ್ ಸೆರಿಫ್ ಅಕ್ಷರವೇ; ಅದನ್ನು ಮೋನೋಟೈಪ್ ಕಂಪನಿ 1934ರಲ್ಲಿ ಹೊರತಂದಿತು.

ಇದನ್ನು ಓರೆ ಮಾಡಿದಾಗ ಕಂಬ ವಾಲುತ್ತದೆ, ಪಾದ ಮಾತ್ರ ನೆಲಕ್ಕೆ ಸಮವಾಗಿಯೇ ಉಳಿಯುತ್ತದೆ. ಭಾರವೂ ವೇಗವೂ ಒಟ್ಟಿಗೆ ಕಾಣುವುದು ಈ ಕಾರಣಕ್ಕೆ. ಲಾರಿಯ ಬಾಗಿಲು, ಯಂತ್ರದ ನೇಮ್‌ಪ್ಲೇಟ್, ಆಟಗಾರರ ಜೆರ್ಸಿಯ ಸಂಖ್ಯೆಗಳಿಗೆ ಅದು ಚೆನ್ನಾಗಿ ಹೊಂದುತ್ತದೆ. ತೊಂದರೆಯೂ ಅಲ್ಲಿಯೇ ಇದೆ. ಕಂಬ ಮತ್ತು ಪಾದ ಕೂಡುವ ಮೂಲೆ ಒಂದು ಬದಿಯಲ್ಲಿ ಇಕ್ಕಟ್ಟಾಗಿ, ಸಣ್ಣ ಗಾತ್ರದ ಅಚ್ಚಿನಲ್ಲಿ ಶಾಯಿಯೂ ಬೋರ್ಡಿನಲ್ಲಿ ಪೇಂಟೂ ಆ ಸಂದಿಯಲ್ಲಿ ತುಂಬಿಕೊಳ್ಳುತ್ತವೆ. ಆದ್ದರಿಂದ ಬಿಲ್ಲಿನ ತಲೆಬರಹದಲ್ಲಿ ಅಂಗಡಿಯ ಹೆಸರಿಗಷ್ಟೇ ಅದನ್ನಿಟ್ಟುಕೊಂಡು, ದರಪಟ್ಟಿಯನ್ನೂ ಷರತ್ತುಗಳನ್ನೂ ನೆಟ್ಟಗಿನ ಸಾದಾ ಅಕ್ಷರದಲ್ಲಿ ಹಾಕಿಸಿ.

ಹುಡುಗ ಫಾಂಟಿನ ಇಟಾಲಿಕ್ ಫೈಲನ್ನೇ ಬಳಸಿದ್ದಾನೋ, ನೆಟ್ಟಗಿನದನ್ನು ಸಾಫ್ಟ್‌ವೇರಿನಲ್ಲಿ ವಾಲಿಸಿದ್ದಾನೋ ಎಂದು ಒಮ್ಮೆ ವಿಚಾರಿಸಿ. ಸುಮ್ಮನೆ ವಾಲಿಸಿದರೆ ಇಂಗ್ಲಿಷಿನ ‘ಓ’ ಅಕ್ಷರದ ದುಂಡು ಕೆಡುತ್ತದೆ: ಮೇಲಿನ ಬಲಮೂಲೆ ಮತ್ತು ಕೆಳಗಿನ ಎಡಮೂಲೆ ಎಳೆದಂತಾಗಿ, ಗೆರೆಯ ದಪ್ಪ ಒಂದೊಂದು ಕಡೆ ಒಂದೊಂದು ಬಗೆಯಾಗುತ್ತದೆ. ಅಕ್ಷರ ರೂಪಿಸುವವರು ಇಟಾಲಿಕ್ ಮಾಡುವಾಗ ಈ ದೋಷವನ್ನು ಕೈಯಿಂದ ತಿದ್ದಿರುತ್ತಾರೆ.

ಕನ್ನಡವನ್ನು ಓರೆ ಮಾಡಿಸಬೇಡಿ. ನಮ್ಮ ಲಿಪಿಗೆ ಸೆರಿಫ್ ಇಲ್ಲ. ದುಂಡನೆಯ ಒಡಲು, ಮೇಲೆ ತಲೆಕಟ್ಟು, ಕೆಳಗೆ ಒತ್ತು ಇರುವ ‘ಕ್ಕ’ದಂಥ ಅಕ್ಷರವನ್ನು ವಾಲಿಸಿದರೆ ತಲೆಕಟ್ಟು ಬಲಕ್ಕೆ, ಒತ್ತು ಎಡಕ್ಕೆ ಸರಿದು, ಅಕ್ಷರ ಜಾರಿ ಬೀಳುತ್ತಿರುವಂತೆ ಕಾಣುತ್ತದೆ. ಗೆರೆಯ ದಪ್ಪ ಎಲ್ಲೆಡೆ ಒಂದೇ ಸಮನಿರುವ, ರಾಕ್‌ವೆಲ್ ಕಂಬದ ದಪ್ಪಕ್ಕೆ ಸರಿಹೋಗುವ ಕನ್ನಡ ಫಾಂಟನ್ನು ನೆಟ್ಟಗೆ ಹಾಕಿಸಿದರೆ ಎರಡೂ ಹೆಸರು ಜೋಡಿಯಾಗಿ ನಿಲ್ಲುತ್ತವೆ. ನಮ್ಮ ರಾಜ್ಯದ ನಿಯಮದ ಪ್ರಕಾರ ನಾಮಫಲಕದ 60 ಶೇಕಡಾ ಭಾಗ ಕನ್ನಡದ್ದೇ ಆಗಿರಬೇಕಾದ್ದರಿಂದ, ಮೊದಲು ಕನ್ನಡದ ಹೆಸರನ್ನು ಕೂರಿಸಿ, ಉಳಿದ ಜಾಗಕ್ಕೆ ತಕ್ಕಂತೆ ಇಂಗ್ಲಿಷಿನ ಗಾತ್ರವನ್ನು ಗೊತ್ತುಮಾಡಲು ಹೇಳಿ.